ಬೆಳಕಿಗೆ ಹಿಡಿದ ಕೀಟ

ಮೈಸೂರು ಸೀಮೆಯ ರೇಷ್ಮೆಯ ಮನೆಗಳಲ್ಲಿ, ಹುಳುಗಳು ಪೊರೆ ಬಿಡುವ ನಾಲ್ಕನೆಯ ಜ್ವರದಿಂದೆದ್ದು, ಹಗಲಿರುಳೆನ್ನದೆ ಹಿಪ್ಪುನೇರಳೆಯ ಸೊಪ್ಪನ್ನು ಮೇದು, ವಾರವೊಂದು ಕಳೆಯುವ ವೇಳೆಗೆ, ಮನೆಯ ಹಿರಿಯಳಾದವಳು ತಟ್ಟೆಯಿಂದ ಒಂದು ಹುಳುವನ್ನು ಮೆಲ್ಲನೆ ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದು ನೋಡುವುದುಂಟು. ಮೈ ಇನ್ನೂ ಮಬ್ಬಾಗಿದ್ದು ಬೆಳಕನ್ನು ತಡೆದರೆ ಅದಕ್ಕೆ ಮತ್ತೊಂದು ಹೊತ್ತಿನ ಮೇವು ಬೇಕೆಂದೂ, ಬೆಳಕು ಒಳಗೆ ಹಾಯ್ದು ಮೈಯೆಲ್ಲ ಮಾಗಿದ ದ್ರಾಕ್ಷಿಯಂತೆ ತಿಳಿಯಾಗಿ ಕಂಡರೆ ಹುಳು ಹಣ್ಣಾಯಿತು, ಇನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬಹುದೆಂದೂ ಆಕೆ ನಿರ್ಣಯಿಸುತ್ತಾಳೆ. ಈ ಪರೀಕ್ಷೆಯಿಂದ ಹುಳುವಿಗೆ ನೋವಿಲ್ಲ, ಗಾಯವಿಲ್ಲ. ಕ್ಷಣಮಾತ್ರದಲ್ಲಿ ಅದರ ಒಳಗಿನ ಸ್ಥಿತಿ ಹೊರಗಿನ ಕಣ್ಣಿಗೆ ಗೋಚರವಾಗುತ್ತದೆ. ಸೊಳ್ಳೆಯ ಮೇಲೆ ಕಣ್ಣಿಗೆ ಕಾಣದ ಕಿರಣವನ್ನು ಹಾಯಿಸಿ, ಅದರ ವಯಸ್ಸನ್ನೂ ಜಾತಿಯನ್ನೂ ಅದರೊಳಗೆ ಅಡಗಿರುವ ಸೋಂಕನ್ನೂ ಹೇಳುವ ಇಂದಿನ ಯಂತ್ರಗಳನ್ನು ಕುರಿತು ಓದಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಬಾಗಿಲಿನಲ್ಲಿ ನಿಂತ ಆ ತಾಯಿಯ ಕೈ.

ಆದರೆ ಕೀಟವು ತನ್ನ ರಹಸ್ಯವನ್ನೆಲ್ಲ ಹೀಗೆ ಸುಲಭವಾಗಿ ಬಿಟ್ಟುಕೊಡುವ ಪ್ರಾಣಿಯಲ್ಲ. ನಮ್ಮ ರೈತರು ಗಂಟುರೋಗವೆಂದು ಕರೆಯುವ ಪೆಬ್ರಿನ್ ಎಂಬ ಹುಳುವಿನ ರೋಗವು ತಾಯಿಯಿಂದ ಮೊಟ್ಟೆಗೆ ಇಳಿಯುವಂಥದು. ಮೊಟ್ಟೆಯನ್ನು ಎಷ್ಟು ಹೊತ್ತು ಬೆಳಕಿಗೆ ಹಿಡಿದರೂ ಅದು ಕಾಣುವುದಿಲ್ಲ. 1865ರಿಂದ ಐದಾರು ವರ್ಷಗಳ ಕಾಲ ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣದ ಸುತ್ತ ಈ ರೋಗದ ಬೆನ್ನು ಹತ್ತಿದ ಲೂಯಿ ಪಾಸ್ತರನು ಕಂಡುಕೊಂಡ ಉಪಾಯವು ಕಠಿಣವಾದದ್ದು: ತಾಯಿ ಪತಂಗವು ಮೊಟ್ಟೆಯಿಟ್ಟ ಮೇಲೆ ಅದನ್ನು ಕಲ್ವದಲ್ಲಿ ನೀರಿನೊಡನೆ ಅರೆದು, ಆ ರಸದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿ, ಹೊಳೆಯುವ ಅಂಡಾಕಾರದ ಕಣಗಳು ಕಂಡುಬಂದರೆ ಅವಳಿಟ್ಟ ಮೊಟ್ಟೆಗಳನ್ನೆಲ್ಲ ನಾಶಮಾಡತಕ್ಕದ್ದು. ನಮ್ಮ ಮೊಟ್ಟೆ ಉತ್ಪಾದನಾ ಕೇಂದ್ರಗಳಲ್ಲಿ ಇಂದಿಗೂ ನಡೆಯುತ್ತಿರುವುದು ಮೂಲತಃ ಈ ಕ್ರಮವೇ. ಅರಿಯುವುದಕ್ಕಾಗಿ ಅರೆಯುವುದು, ಕೀಟವಿಜ್ಞಾನವು ನೂರು ವರ್ಷಗಳಿಗೂ ಮಿಗಿಲಾಗಿ ಈ ಅನಿವಾರ್ಯದ ಆಜ್ಞೆಯಲ್ಲಿಯೇ ನಡೆದುಬಂದಿತು. ಅರೆದು ಅರಿಯುವ ಈ ವಿದ್ಯೆಯು ನಮ್ಮ ದೇಶದಲ್ಲಿ ಪರಿಪಕ್ವವಾದ ಸ್ಥಳಗಳಲ್ಲಿ ಪುಣೆ ಒಂದು; ಮತ್ತು ಆ ವಿದ್ಯೆಯ ಕಥೆಯಲ್ಲಿ ಕನ್ನಡನಾಡಿನ ಕಾಡೊಂದು ಪುಣೆಯಷ್ಟೇ ದೊಡ್ಡ ಪಾತ್ರವನ್ನು ವಹಿಸಿದೆ.

ಪುಣೆಯೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಪೇಶವೆಯರ ಶನಿವಾರವಾಡೆ, ಟಿಳಕರ ಕೇಸರಿ, ಭಾಂಡಾರಕರರ ಹೆಸರಿನ ಪ್ರಾಚ್ಯವಿದ್ಯಾಮಂದಿರ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಉಚ್ಚಶಿಕ್ಷಣಕ್ಕೆಂದು ಅಲ್ಲಿಯ ತರುಣರು ಬಂದು ಸೇರುತ್ತಿದ್ದುದು ಈ ಊರಿಗೇ. ಬೇಂದ್ರೆಯವರು ಪದವಿ ಪಡೆದ ಫರ್ಗ್ಯುಸನ್ ಕಾಲೇಜು ಈಗಲೂ ಆ ಕಾಲದ ನೆನಪನ್ನು ಹೊತ್ತು ನಿಂತಿದೆ. ಆದರೆ ಈ ಊರಿನ ಆಂಬೇಡ್ಕರ್ ರಸ್ತೆಯಲ್ಲಿರುವ ಇನ್ನೊಂದು ವಿದ್ಯಾಸ್ಥಾನವನ್ನು, ಕೋವಿಡ್ ವ್ಯಾಪಿಸಿದ ವರ್ಷಗಳಲ್ಲಿ ಪತ್ರಿಕೆಗಳು ಅದರ ಹೆಸರನ್ನು ಪ್ರತಿದಿನವೂ ಅಚ್ಚುಮಾಡುವ ತನಕ, ನಮ್ಮಲ್ಲಿ ಹೆಚ್ಚು ಜನ ಬಲ್ಲವರಿರಲಿಲ್ಲ. ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯೆಂದು ಪ್ರಸಿದ್ಧವಾಗಿರುವ ಅದು 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಗಳ ಸಹಕಾರದಿಂದ ವೈರಸ್ ಸಂಶೋಧನಾ ಕೇಂದ್ರವೆಂಬ ಹೆಸರಿನಲ್ಲಿ ಹುಟ್ಟಿ, 1978ರಲ್ಲಿ ಈಗಿನ ಹೆಸರನ್ನು ಪಡೆಯಿತು.

ಅದರ ಹುಟ್ಟಿನ ಹಿಂದೆ ಒಂದು ಸೋಜಿಗದ ಪ್ರಶ್ನೆಯಿದ್ದಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಹಳದಿ ಜ್ವರವು ಭಾರತಕ್ಕೆ ಏಕೆ ಬಂದಿಲ್ಲ? ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಪ್ರತಿಯೊಂದು ಪಟ್ಟಣದ ಹಂಡೆ ಕೊಡಗಳಲ್ಲಿಯೂ ಹುಟ್ಟುತ್ತದೆ, ಅದಕ್ಕೆ ಆಶ್ರಯವಾಗಬಲ್ಲ ಕೋತಿಗಳು ನಮ್ಮ ಕಾಡುಗಳಲ್ಲಿ ತುಂಬಿವೆ, ಆದರೂ ರೋಗವಿಲ್ಲ. ಈ ಪ್ರಶ್ನೆಯ ಬೆನ್ನಿಗೆ, ನಮ್ಮ ಜನರ ರಕ್ತದಲ್ಲಿ ಯಾವ ಯಾವ ವೈರಸ್ಸುಗಳ ಗುರುತು ಉಳಿದಿದೆಯೆಂದು ಕೇಂದ್ರದ ಮೊದಲ ವಿಜ್ಞಾನಿಗಳು ದೇಶದ ಹಲವೆಡೆಗಳಿಂದ ರಕ್ತದ ಮಾದರಿಗಳನ್ನು ತರಿಸಿ ಪರೀಕ್ಷಿಸಿದರು. ಸ್ಮಿತ್‌ಬರ್ನ್, ಕೆರ್ ಮತ್ತು ಗತ್ನೆ ಎಂಬುವರು 1954ರಲ್ಲಿ ಪ್ರಕಟಿಸಿದ ಆ ವರದಿಯಲ್ಲಿ, ಉಗಾಂಡದ ಕಾಡೊಂದರಲ್ಲಿ 1947ರಲ್ಲಿ ಮೊದಲು ಕಂಡುಬಂದಿದ್ದ ಜೀಕಾ ವೈರಸ್ಸಿಗೆ ಪ್ರತಿಯಾದ ಕಣಗಳು ಭಾರತೀಯರ ರಕ್ತದಲ್ಲಿಯೂ ಇರುವ ಸಂಗತಿ ದಾಖಲಾಯಿತು. ಅಂದು ಆ ಹೆಸರನ್ನು ಕೇಳಿದವರು ಪ್ರಪಂಚದಲ್ಲಿಯೇ ವಿರಳ. ಓದುಗರು ಈ ಹೆಸರನ್ನು ನೆನಪಿನಲ್ಲಿಡಬೇಕು; ಮುಂದೆ ಅದು ಮತ್ತೆ ಬರಲಿದೆ.

1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಿಂದ ಒಂದು ಸುದ್ದಿ ಪುಣೆಗೆ ಮುಟ್ಟಿತು. ಕ್ಯಾಸನೂರಿನ ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಲುಸಾಲಾಗಿ ಸತ್ತು ಬೀಳುತ್ತಿವೆ. ಅದೇ ಕಾಡಿಗೆ ಸೌದೆಗೆಂದು, ಸೊಪ್ಪಿಗೆಂದು, ದನ ಮೇಯಿಸಲೆಂದು ಹೋದ ಜನರು ಉರಿಜ್ವರದಿಂದಲೂ ತಲೆನೋವಿನಿಂದಲೂ ರಕ್ತಸ್ರಾವದಿಂದಲೂ ಹಾಸಿಗೆ ಹಿಡಿಯುತ್ತಿದ್ದಾರೆ. ಕೋತಿ ಸಾಯುವುದು, ಬೆನ್ನಲ್ಲೇ ಮನುಷ್ಯನಿಗೆ ಜ್ವರ ಬರುವುದು ಹಳದಿ ಜ್ವರದ ಲಕ್ಷಣ. ಐದು ವರ್ಷಗಳಿಂದ ಯಾವ ಶತ್ರುವಿನ ನಿರೀಕ್ಷೆಯಲ್ಲಿ ಕೇಂದ್ರವು ಕಣ್ಣಿಟ್ಟು ಕುಳಿತಿದ್ದಿತೋ ಅದು ಬಂದೇ ಬಂದಿತೆಂಬ ಭೀತಿಯಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಮಲೆನಾಡಿಗೆ ಧಾವಿಸಿದರು. ಆದರೆ ಸತ್ತ ಮಂಗದ ಅಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಹೊರಬಂದದ್ದು ಹಳದಿ ಜ್ವರದ ವೈರಸ್ಸಾಗಿರಲಿಲ್ಲ; ಸಾವಿರಾರು ಮೈಲಿಗಳಾಚೆಯ ಸೈಬೀರಿಯದ ಕಾಡುಗಳಲ್ಲಿ ಉಣುಗುಗಳು ಹರಡುವ ರಷ್ಯದ ಮಿದುಳುಜ್ವರಕ್ಕೆ ಹತ್ತಿರದ ಸಂಬಂಧಿಯಾದ, ಆದರೆ ಅದುವರೆಗೆ ಎಲ್ಲಿಯೂ ಕಾಣದ ಹೊಸತೊಂದು ವೈರಸ್ಸು. ಮಲೆನಾಡಿಗರ ಬಾಯಲ್ಲಿ ಮಂಗನ ಕಾಯಿಲೆಯಾದ ಅದು ವಿಜ್ಞಾನದ ಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ರೋಗವೆಂದು ಕನ್ನಡದ ಊರಿನ ಹೆಸರಿನಿಂದಲೇ ನೆಲೆಯೂರಿತು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಊಹೆಯನ್ನು ಪರೀಕ್ಷಿಸಲು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಮಹಾಕಾರ್ಯವೂ ನಡೆಯಿತು. ಹಕ್ಕಿಗಳ ವಲಸೆಯ ಬಗ್ಗೆ ನಮಗಿಂದು ತಿಳಿದಿರುವುದರಲ್ಲಿ ಒಂದು ಪಾಲು ಮಂಗನ ಕಾಯಿಲೆಯ ಕೊಡುಗೆಯೆಂದರೆ ಆಶ್ಚರ್ಯವಾದೀತು.

ನೂರು ಜನ ರೋಗಿಗಳಲ್ಲಿ 3ರಿಂದ 5 ಮಂದಿಯ ಪ್ರಾಣ ತೆಗೆಯುವ ಈ ವ್ಯಾಧಿಯನ್ನು ಹರಡುವುದು ಹಿಮಫೈಸಾಲಿಸ್ ಸ್ಪಿನಿಜೆರ ಎಂಬ ಉಣುಗು. ಶಾಸ್ತ್ರದ ದೃಷ್ಟಿಯಿಂದ ಉಣುಗು ಕೀಟವಲ್ಲ; ಬಲಿತಾಗ ಎಂಟು ಕಾಲುಗಳುಳ್ಳ ಅದು ಜೇಡ ಚೇಳುಗಳ ಬಳಗಕ್ಕೆ ಸೇರಿದುದು. ಆದರೂ ಅದನ್ನು ಹುಡುಕುವ, ಬೇರ್ಪಡಿಸುವ, ಅರೆಯುವ ಕಾರ್ಯವೆಲ್ಲ ಕೀಟಶಾಸ್ತ್ರಜ್ಞರ ಪಾಲಿಗೇ ಬಂದಿತಾದ್ದರಿಂದ ಈ ಬರಹದಲ್ಲಿ ಅದಕ್ಕೆ ಸ್ಥಾನವುಂಟು. ಅದೇ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೇಂದ್ರದ ಒಂದು ಕ್ಷೇತ್ರಶಾಲೆ ತೆರೆಯಿತು. ಮಳೆಗಾಲ ಮುಗಿದು ತರಗೆಲೆ ಒಣಗಿದ ಮೇಲೆ, ಅಳತೆಯ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ, ಕಾನಿನ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಎಳೆಯುತ್ತ ನಡೆಯುವುದು, ಕೆಲವು ಮಾರು ನಡೆದ ಮೇಲೆ ಬಟ್ಟೆಯನ್ನು ತಿರುಗಿಸಿ, ಅದಕ್ಕೆ ಅಂಟಿಕೊಂಡ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳನ್ನು ಚಿಮುಟದಿಂದ ಹಿಡಿದು ಸೀಸೆಗೆ ತುಂಬುವುದು, ಸೀಸೆಯ ಮೇಲೆ ಊರು, ಕಾಡು, ದಿನಾಂಕಗಳನ್ನು ಬರೆಯುವುದು: ತಿಂಗಳು ತಿಂಗಳುಗಟ್ಟಲೆ, ವರ್ಷ ವರ್ಷಗಟ್ಟಲೆ ಇದೇ ಕೆಲಸ. ಉಣುಗು ಬಟ್ಟೆಗೆ ಹತ್ತುವಂತೆಯೇ ಎಳೆಯುವವನ ಕಾಲಿಗೂ ಹತ್ತುತ್ತದೆ. ಈ ವೈರಸ್ಸು ಕ್ಷೇತ್ರದಲ್ಲಿ ಮಾತ್ರವಲ್ಲದೆ ಪ್ರಯೋಗಶಾಲೆಯಲ್ಲಿಯೂ ಅದನ್ನು ಅಭ್ಯಸಿಸಿದವರನ್ನು ಬಿಡದೆ ಕಾಡಿತು. ಪ್ರಾಣದ ಹಂಗನ್ನು ತೊರೆದು ಗಳಿಸಿದ ಜ್ಞಾನವದು ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಆಡುತ್ತಿಲ್ಲ.

ಕೀಟವನ್ನು ಹಿಡಿಯುವುದು ಕೆಲಸದ ಅರ್ಧ ಮಾತ್ರ. ಹಿಡಿದುದನ್ನು ಓದುವುದು ಉಳಿದರ್ಧ. ನಸುಕಿನಲ್ಲಿ ದನದ ಕೊಟ್ಟಿಗೆಗೆ ಹೋಗಿ, ಟಾರ್ಚಿನ ಬೆಳಕನ್ನು ಮೂಲೆ ಮೂಲೆಗೆ ಹಾಯಿಸಿ, ಗಾಜಿನ ನಳಿಕೆಯನ್ನು ಸೊಳ್ಳೆಯ ಬಳಿಗೆ ಒಯ್ದು, ಇನ್ನೊಂದು ತುದಿಯ ರಬ್ಬರು ಕೊಳವೆಯಿಂದ ಉಸಿರೆಳೆದು ಅದನ್ನು ಒಳಗೆ ಸೆಳೆದುಕೊಳ್ಳುವ ಸಂಗ್ರಾಹಕನು ಬೆಳಗಿನ ಹೊತ್ತಿಗೆ ತಂದೊಪ್ಪಿಸುತ್ತಿದ್ದ ಸೊಳ್ಳೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಮಸೂರದಡಿಯಲ್ಲಿ ಹೊರಳಿಸಿ ಜಾತಿ ಹೇಳಬೇಕಾಗಿದ್ದಿತು. ಕ್ರಿಸ್ಟೋಫರ್ಸರು 1933ರಲ್ಲಿಯೂ ಬರೌಡರು 1934ರಲ್ಲಿಯೂ ಭಾರತದ ಸೊಳ್ಳೆಗಳನ್ನು ಕುರಿತು ಬರೆದ ಎರಡು ಬೃಹತ್ ಸಂಪುಟಗಳು ಈ ವೃತ್ತಿಯವರ ಮೂಲಗ್ರಂಥಗಳು. ರೆಕ್ಕೆಯ ಮೂರನೆಯ ನರವು ಕಪ್ಪಾಗಿದ್ದರೆ ಅದು ಬಯಲುಸೀಮೆಯ ಕ್ಯುಲಿಸಿಫೇಸೀಸ್ ಎಂಬ ಅನಾಫಿಲಿಸ್ ಸೊಳ್ಳೆ. ಅದೇ ನರವು ಬಿಳುಪಾಗಿದ್ದರೆ ಮಲೆನಾಡಿನ ತೊರೆಗಳಲ್ಲಿ ಹುಟ್ಟುವ ಫ್ಲುವಿಯಾಟಿಲಿಸ್. ಕೂದಲಿಗಿಂತ ತೆಳುವಾದ ಒಂದು ನರದ ಬಣ್ಣದ ಮೇಲೆ, ಯಾವ ಊರಿನ ಯಾವ ನೀರಿನಲ್ಲಿ ಮಲೇರಿಯದ ಮೂಲವನ್ನು ಹುಡುಕಬೇಕೆಂಬುದು ನಿಂತಿರುತ್ತಿದ್ದಿತು. ಅಂದಿನ ಮುಂಬಯಿ ಪ್ರಾಂತದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಡಾ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾಯರು ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸಿ ಗ್ರಾಮೀಣ ಮಲೇರಿಯವನ್ನು ಹತ್ತಿಕ್ಕಿದ ಪ್ರಸಿದ್ಧ ಪ್ರಯೋಗವು ನಿಂತದ್ದು ಇಂಥ ಓದಿನ ಆಧಾರದ ಮೇಲೆ. ಮುಂದೆ ಪುಣೆಯ ಕೇಂದ್ರದ ನಿರ್ದೇಶಕರಾಗಿ, ಭಾರತದ ಅನಾಫಿಲಿಸ್ ಸೊಳ್ಳೆಗಳನ್ನು ಕುರಿತು ಮಹಾಗ್ರಂಥವನ್ನೇ ರಚಿಸಿದ ರಾಮಚಂದ್ರರಾಯರ ಕಣ್ಣು ಹೀಗೆ ನಮ್ಮ ಜಿಲ್ಲೆಗಳ ಕೊಟ್ಟಿಗೆಗಳಲ್ಲಿಯೂ ಪಳಗಿದ ಕಣ್ಣು.

ಜಾತಿಗಿಂತಲೂ ವಯಸ್ಸನ್ನು ಹೇಳುವುದು ಕಷ್ಟತರ, ಮತ್ತು ಅದರ ಪ್ರಯೋಜನವೂ ಹೆಚ್ಚು. ಮಲೇರಿಯದ ಪರೋಪಜೀವಿಯು ಸೊಳ್ಳೆಯ ಹೊಟ್ಟೆಯನ್ನು ಸೇರಿದ ಮೇಲೆ ಅದರ ಜೊಲ್ಲಿನ ಗ್ರಂಥಿಯನ್ನು ಮುಟ್ಟುವುದಕ್ಕೆ ಸುಮಾರು 10ರಿಂದ 14 ದಿನಗಳು ಬೇಕು. ಅಷ್ಟು ದಿನ ಬದುಕದ ಸೊಳ್ಳೆಯು ಎಷ್ಟು ಸಲ ಕಚ್ಚಿದರೂ ರೋಗವನ್ನು ಹರಡಲಾರದು. ಆದುದರಿಂದ ಒಂದೂರಿನ ಸೊಳ್ಳೆಗಳಲ್ಲಿ ಮುದಿಯಾದವು ಎಷ್ಟು ಎಂಬುದೇ ಆ ಊರಿನ ಅಪಾಯದ ಅಳತೆ. ರಷ್ಯದ ಪೊಲೊವೊಡೊವಾ, ಡೆಟಿನೋವಾ ಎಂಬ ವಿಜ್ಞಾನಿಗಳು ಕಂಡುಹಿಡಿದ ರೀತಿಯಲ್ಲಿ, ಸೊಳ್ಳೆಯನ್ನು ಉಪ್ಪುನೀರಿನ ತೊಟ್ಟಿನಲ್ಲಿಟ್ಟು, ಎರಡು ಸೂಜಿಗಳಿಂದ ಅದರ ಅಂಡಾಶಯವನ್ನು ಹೊರಗೆಳೆದು, ಉಸಿರುನಾಳಗಳ ಸುರುಳಿ ಬಿಚ್ಚಿದೆಯೇ ಇಲ್ಲವೇ ಎಂಬುದರಿಂದ ಅದು ಮೊಟ್ಟೆಯಿಟ್ಟಿದೆಯೇ ಎಂಬುದನ್ನೂ, ಅಂಡನಾಳದ ಮೇಲೆ ಉಳಿದ ಗಂಟುಗಳ ಎಣಿಕೆಯಿಂದ ಎಷ್ಟು ಸಲ ಇಟ್ಟಿದೆ ಎಂಬುದನ್ನೂ ಹೇಳಬಹುದು. ಇದು ಸೂಲಗಿತ್ತಿಯ ಮೃದುತ್ವವನ್ನೂ ಅಕ್ಕಸಾಲಿಯ ಸ್ಥೈರ್ಯವನ್ನೂ ಒಂದೇ ಕೈಯಲ್ಲಿ ಬೇಡುವ ಕೆಲಸ. ಅದನ್ನು ಕಲಿಯಲು ವರ್ಷಗಳು ಬೇಕು. ಕಲಿತವನೂ ದಿನಕ್ಕೆ ನೋಡಬಲ್ಲ ಸೊಳ್ಳೆಗಳು ಕೆಲವೇ.

ಇನ್ನು ವೈರಸ್ಸನ್ನು ಹುಡುಕುವುದಂತೂ ಸೂಜಿಗೆ ಸಿಗುವ ಸಂಗತಿಯಲ್ಲ. ಹತ್ತಾರು ಸೊಳ್ಳೆಗಳನ್ನೋ ಉಣುಗುಗಳನ್ನೋ ಜಾತಿಯಂತೆ ವಿಂಗಡಿಸಿ, ಒಟ್ಟಾಗಿ ಕಲ್ವದಲ್ಲಿ ಅರೆದು, ಆ ದ್ರವವನ್ನು ಎಳೆಯ ಇಲಿಮರಿಗಳ ಮಿದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೆಯೇ ಎಂದು ದಿನಗಟ್ಟಲೆ ಕಾದು ನೋಡುವುದೇ ಆ ಕಾಲದ ವಿಧಾನ. ಕ್ಯಾಸನೂರಿನ ವೈರಸ್ಸು ಉಣುಗಿನಲ್ಲಿದೆಯೆಂದು ಸಿದ್ಧವಾದದ್ದು ಹೀಗೆ. ಅದೇ ಜಿಲ್ಲೆಯ ಕೈಸೋಡಿಯೆಂಬ ಊರಿನ ಹೆಸರನ್ನು ಹೊತ್ತ ಇನ್ನೊಂದು ವೈರಸ್ಸು ಅದೇ ಜಾತಿಯ ಉಣುಗಿನಿಂದ ದೊರೆತದ್ದೂ ಹೀಗೆಯೇ. ಆದರೆ ಅರೆದ ರಾಶಿಯಲ್ಲಿ ಸೋಂಕಿದ್ದ ಉಣುಗು ಯಾವುದು, ಅದರ ವಯಸ್ಸೆಷ್ಟು, ಇನ್ನು ಹತ್ತು ದಿನ ಬದುಕಿದ್ದರೆ ಏನಾಗುತ್ತಿದ್ದಿತು ಎಂಬುದನ್ನೆಲ್ಲ ಕಲ್ವವು ನುಂಗಿಹಾಕುತ್ತಿದ್ದಿತು. ಅರೆದ ಮೇಲೆ ಕೀಟದ ವಿಷಯ ತಿಳಿಯುತ್ತದೆ, ಕೀಟವಿರುವುದಿಲ್ಲ.

ಪುಣೆಯ ಕೇಂದ್ರವು ಈ ಮಿತಿಯೊಳಗೆ ಸುಮ್ಮನೆ ಕುಳಿತಿರಲಿಲ್ಲವೆಂಬುದಕ್ಕೆ ಒಂದು ಉಜ್ವಲವಾದ ನಿದರ್ಶನವಿದೆ. ಕೆ. ಆರ್. ಪಿ. ಸಿಂಗ್ ಎಂಬ ವಿಜ್ಞಾನಿಯು ಈಡಿಸ್ ಕುಲದ ಎರಡು ಜಾತಿಯ ಸೊಳ್ಳೆಗಳ ಮರಿಗಳಿಂದ ಜೀವಕೋಶಗಳನ್ನು ಬೇರ್ಪಡಿಸಿ, ಗಾಜಿನ ಪಾತ್ರೆಯಲ್ಲಿ ಅವು ಪೀಳಿಗೆ ಪೀಳಿಗೆಯಾಗಿ ಬೆಳೆಯುತ್ತಲೇ ಇರುವಂತೆ ಮಾಡಿ, ಆ ಸಾಧನೆಯನ್ನು 1967ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈರಸ್ಸನ್ನು ಬೆಳೆಸಲು ಇಲಿಮರಿಯೇ ಬೇಕೆಂಬ ನಿರ್ಬಂಧ ಅಂದಿನಿಂದ ಸಡಿಲವಾಯಿತು. ಅವರ ಕೋಶಸಂತತಿಯಿಂದ ಜಪಾನಿನ ಇಗರಾಶಿಯವರು 1978ರಲ್ಲಿ ಆರಿಸಿ ತೆಗೆದ ಸಿ6/36 ಎಂಬ ಶಾಖೆಯು ಇಂದು ಡೆಂಗಿ, ಚಿಕುನ್‌ಗುನ್ಯಾಗಳನ್ನು ಅಭ್ಯಸಿಸುವ ಪ್ರಯೋಗಶಾಲೆಗಳಲ್ಲೆಲ್ಲ ಮನೆಮಾತು. ಪುಣೆಯ ಸೊಳ್ಳೆಮರಿಯ ಜೀವಕೋಶವು ಭೂಮಂಡಲವನ್ನೆಲ್ಲ ವ್ಯಾಪಿಸಿದೆ. ಇಂಥ ಕೀರ್ತಿ ಈ ಊರಿನ ಯಾವ ಪೇಶವೆಯ ಸೈನ್ಯಕ್ಕೂ ಲಭಿಸಿದುದಲ್ಲ.

ಬೆಳಕು ಈ ಕಥೆಯೊಳಕ್ಕೆ ಮರಳಿ ಬಂದದ್ದು ಹೊಳೆಯುವ ಬಣ್ಣದ ರೂಪದಲ್ಲಿ. ಒಂದು ವೈರಸ್ಸನ್ನು ಮಾತ್ರ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಣಕ್ಕೆ ಹೊಳೆಯುವ ಬಣ್ಣವೊಂದನ್ನು ಕೂಡಿಸಬಹುದೆಂದು ಆಲ್ಬರ್ಟ್ ಕೂನ್ಸ್ ಎಂಬ ಅಮೆರಿಕದ ವೈದ್ಯನು 1940ರ ದಶಕದ ಆರಂಭದಲ್ಲಿ ತೋರಿಸಿದ್ದನು. ಸೊಳ್ಳೆಯ ತಲೆಯನ್ನು ಗಾಜಿನ ಪಟ್ಟಿಯ ಮೇಲೆ ಒತ್ತಿ, ಬಣ್ಣ ಹೊತ್ತ ಪ್ರತಿಕಣವನ್ನು ಅದರ ಮೇಲೆ ಹಾಕಿ ತೊಳೆದು, ಕತ್ತಲೆಯ ಕೋಣೆಯಲ್ಲಿ ನೇರಳಾತೀತ ಕಿರಣವನ್ನು ಹಾಯಿಸಿದರೆ, ವೈರಸ್ಸಿದ್ದ ಕಡೆ ಎಳೆಯ ಮಾವಿನಕಾಯಿಯ ಹಸುರು ಬಣ್ಣದ ಪ್ರಭೆ ಹೊಮ್ಮುತ್ತದೆ. ಡೆಂಗಿಯ ಸೊಳ್ಳೆಗಳನ್ನು ಒಂದೊಂದಾಗಿ ಗುರುತಿಸುವುದು ಇದರಿಂದ ಸಾಧ್ಯವಾಯಿತು. ಆದರೂ ತಲೆ ಹೋದ ಮೇಲೆ ಸೊಳ್ಳೆ ಉಳಿಯುವುದೆಲ್ಲಿ?

ಪುಣೆಯಲ್ಲಿ ಇನ್ನೊಂದು ಕೀಟಶಾಲೆಯೂ ಇದೆ; ಅದನ್ನು ಮರೆತರೆ ತಪ್ಪಾದೀತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1962ರಲ್ಲಿ ಸ್ಥಾಪಿಸಿದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆಯು ನಮ್ಮ ತುಡುವೆ ಜೇನಿನ ಗುಣಸ್ವಭಾವಗಳ ಅಧ್ಯಯನಕ್ಕೆ ಮೀಸಲಾದದ್ದು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ಸು ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಜೇನುಪೆಟ್ಟಿಗೆಗಳನ್ನು ಬರಿದುಮಾಡಿದಾಗ, ಜೇನುಗಾರನಿಗಿದ್ದ ಪರೀಕ್ಷಾಸಾಧನವೂ ಬಾಗಿಲಿನ ಬೆಳಕೇ ಆಗಿದ್ದಿತು: ಎರಿಯಿಂದ ಎತ್ತಿದ ಸತ್ತ ಮರಿಯನ್ನು ಬೆಳಕಿಗೆ ಹಿಡಿದರೆ, ಚರ್ಮವೇ ಚೀಲವಾಗಿ, ಒಳಗೆ ತುಂಬಿದ ನೀರು ಮಿನುಗುತ್ತಿದ್ದಿತು. ಆದರೆ ಅದು ಕಂಡುಬರುವ ವೇಳೆಗೆ ಪೆಟ್ಟಿಗೆಯ ಗತಿ ಮುಗಿದಿರುತ್ತಿದ್ದಿತು. ರೋಗವು ಕಣ್ಣಿಗೆ ಕಾಣುವ ಮುನ್ನವೇ ಅದನ್ನು ಕಾಣುವ ಬೆಳಕು ಬೇಕಾಗಿದ್ದಿತು.

ಅಂಥ ಬೆಳಕಿನ ಅಸ್ತಿತ್ವವು ತಿಳಿದು ಎರಡು ಶತಮಾನಗಳಾದುವು. 1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತಿರಲು, ಕೆಂಪಿನಾಚೆಯ ಕತ್ತಲೆಯಲ್ಲಿಟ್ಟ ಮಾಪಕವೇ ಎಲ್ಲಕ್ಕಿಂತ ಹೆಚ್ಚು ಕಾಯ್ದಿತು. ಕೆಂಪಿನಾಚೆಯ ಈ ಅವಗೆಂಪು ಕಿರಣಗಳು ವಸ್ತುವಿನ ಮೇಲೆ ಬಿದ್ದಾಗ, ಅದರೊಳಗಿನ ನೀರು, ಮೇಣ, ಪ್ರೋಟೀನುಗಳ ಅಣುಬಂಧಗಳು ತಮಗೆ ಒಪ್ಪಿದ ತರಂಗಗಳನ್ನು ಹೀರಿಕೊಂಡು ಉಳಿದುದನ್ನು ಹಿಂದಿರುಗಿಸುತ್ತವೆ. ಹಿಂದಿರುಗಿದ ಬೆಳಕಿನ ಏರಿಳಿತವನ್ನು ರೇಖೆಯಾಗಿ ಬರೆದರೆ ಆ ವಸ್ತುವಿನ ಒಳಗಿನ ಲೆಕ್ಕಪತ್ರವೇ ದೊರೆತಂತೆ. ಬೆಳಕು ಅಣುವನ್ನು ಮುಟ್ಟಿ ಹಿಂದಿರುಗುವಾಗ ಅಣುವಿನ ಗುರುತನ್ನು ಹೊತ್ತು ತರುತ್ತದೆಂಬ ಸತ್ಯದ ಇನ್ನೊಂದು ಮುಖವನ್ನು 1928ರಲ್ಲಿ ಕಂಡ ಸರ್ ಸಿ. ವಿ. ರಾಮನ್ನರು ಬಾಳಿನ ಉತ್ತರಾರ್ಧವನ್ನು ನಮ್ಮ ಬೆಂಗಳೂರಿನಲ್ಲಿ ಕಳೆದವರು. ಅವರ ಹೆಸರಿನ ವಿಧಾನವೂ ಈಗ ಕೀಟಗಳ ಪರೀಕ್ಷೆಗೆ ಒದಗುತ್ತಿದೆ.

ಅವಗೆಂಪಿನ ಈ ವಿದ್ಯೆಯು ಕೀಟದ ಬಳಿಗೆ ನೇರವಾಗಿ ಬರಲಿಲ್ಲ. ಕಣಜದ ದಾರಿಯಾಗಿ ಬಂದಿತು. ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ಎಂಬ ಎಂಜಿನಿಯರು ಕಾಳಿನ ತೇವವನ್ನು ಅಳೆಯಲು ಇದನ್ನು ಬಳಕೆಗೆ ತಂದನು. ಅದೇ ಇಲಾಖೆಯ ಕಾನ್ಸಸ್ ಪ್ರಯೋಗಶಾಲೆಯಲ್ಲಿ ಫ್ಲಾಯ್ಡ್ ಡೊವೆಲ್ ಮತ್ತು ಸಂಗಡಿಗರು ಗೋಧಿಯ ಕಾಳಿನೊಳಗೆ ಅವಿತ ಹುಳುವನ್ನು ಕಂಡರು. ಬಳಿಕ ಆಫ್ರಿಕದ ಸೆಟ್ಸಿ ನೊಣದ ಕೋಶಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದೆಂದು ಬೇರ್ಪಡಿಸಿದರು. 2009ರಲ್ಲಿ ತಾಂಜಾನಿಯದ ಮಲೇರಿಯ ಸೊಳ್ಳೆಗಳ ಮೇಲೆ ನಡೆದ ಪರೀಕ್ಷೆಯಲ್ಲಿ, 7 ದಿನಕ್ಕಿಂತ ಎಳೆಯವು ಯಾವುವು, ಬಲಿತವು ಯಾವುವು ಎಂಬುದನ್ನು ನೂರರಲ್ಲಿ ಸುಮಾರು 80ರಷ್ಟು ಸರಿಯಾಗಿ ಹೇಳಲು ಸಾಧ್ಯವಾಯಿತು. ಡೆಟಿನೋವಾರ ಸೂಜಿಯು ಗಳಿಗೆಗಟ್ಟಲೆ ಹೆಣಗಿ ಹೇಳುತ್ತಿದ್ದುದನ್ನು ಈ ಕಿರಣವು ಕೆಲವೇ ಕ್ಷಣಗಳಲ್ಲಿ, ಸೊಳ್ಳೆಯ ಮೈಯನ್ನು ಸೀಳದೆ ಹೇಳಿತು. ಡೆಂಗಿಯನ್ನು ತಡೆಯಲೆಂದು ಸೊಳ್ಳೆಗಳೊಳಗೆ ಬಿಡುತ್ತಿರುವ ವೊಲ್ಬಾಕಿಯ ಎಂಬ ಸೂಕ್ಷ್ಮಜೀವಿಯು ಯಾವ ಸೊಳ್ಳೆಯಲ್ಲಿ ಇದೆ, ಯಾವುದರಲ್ಲಿ ಇಲ್ಲವೆಂಬುದನ್ನೂ 2016ರ ವೇಳೆಗೆ ಇದು ಹೇಳತೊಡಗಿತು. 2018ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಆಸ್ಟ್ರೇಲಿಯದವರೊಡಗೂಡಿ ಈಡಿಸ್ ಸೊಳ್ಳೆಯ ತಲೆ ಮತ್ತು ಎದೆಯ ಭಾಗಗಳ ಮೇಲೆ ಕಿರಣ ಹಾಯಿಸಿ, ನೂರಕ್ಕೆ 94ರಿಂದ 99ರಷ್ಟು ನಿಖರವಾಗಿ, ಜೀನುಪರೀಕ್ಷೆಗಿಂತ 18 ಪಟ್ಟು ವೇಗವಾಗಿ, 110 ಪಟ್ಟು ಕಡಿಮೆ ವೆಚ್ಚದಲ್ಲಿ ಒಂದು ವೈರಸ್ಸಿನ ಸೋಂಕನ್ನು ಗುರುತಿಸಿದರು. ಆ ವೈರಸ್ಸಿನ ಹೆಸರು ಜೀಕಾ. 1954ರಲ್ಲಿ ಪುಣೆಯ ವರದಿಯಲ್ಲಿ ನಾವು ಕಂಡ ಅದೇ ಹೆಸರು.

ಹಾಗಾದರೆ ಕಲ್ವ, ಸೂಜಿ, ಮಸೂರಗಳ ಕಾಲ ಮುಗಿಯಿತೇ? ಮುಗಿಯಿತೆಂದು ಹೇಳುವವರಿದ್ದಾರೆ, ಅವರ ಉತ್ಸಾಹವನ್ನು ನಾನು ಮೆಚ್ಚಿದರೂ ಅವರ ತೀರ್ಮಾನವನ್ನು ಒಪ್ಪಲಾರೆ. ಅವಗೆಂಪಿನ ಕಿರಣವು ತನ್ನಷ್ಟಕ್ಕೆ ಏನನ್ನೂ ಅರಿಯದು. ಅದು ಬರೆಯುವುದು ಒಂದು ವಕ್ರರೇಖೆಯನ್ನು ಮಾತ್ರ. ಇದು ಮುದಿ ಸೊಳ್ಳೆಯ ರೇಖೆ, ಇದು ಎಳೆಯದರ ರೇಖೆ, ಇದು ಸೋಂಕುಳ್ಳದ್ದು, ಇದು ಇಲ್ಲದ್ದು ಎಂದು ಗಣಕಯಂತ್ರಕ್ಕೆ ಮೊದಲು ಕಲಿಸಬೇಕಾಗುತ್ತದೆ. ಕಲಿಸುವುದಕ್ಕೆ, ಯಾವ ಸಂಶಯವೂ ಇಲ್ಲದೆ ವಯಸ್ಸೂ ಜಾತಿಯೂ ಸೋಂಕೂ ತಿಳಿದಿರುವ ನೂರಾರು ಸೊಳ್ಳೆಗಳು ಬೇಕು. ಅವುಗಳ ಸತ್ಯವನ್ನು ತಿಳಿಯುವ ದಾರಿ ಸಾಕಣೆಯ ದಿನಗಳ ಲೆಕ್ಕ, ಸೂಜಿ, ಮಸೂರ, ಜೀನುಪರೀಕ್ಷೆ, ಅಂದರೆ ಹಳೆಯ ದಾರಿಯೇ. ಪಂಜರದಲ್ಲಿ ಸಕ್ಕರೆನೀರು ಕುಡಿದು ಬೆಳೆದ ಸೊಳ್ಳೆಗಳಿಂದ ಪಾಠ ಕಲಿತ ಯಂತ್ರವು, ಗದ್ದೆಯ ನೀರಿನಲ್ಲಿ ಹುಟ್ಟಿ, ಬಿಸಿಲಿಗೂ ಹಸಿವಿಗೂ ಸಿಕ್ಕಿ, ದನದ ರಕ್ತ ಕುಡಿದು ಬೆಳೆದ ಕಾಡುಸೊಳ್ಳೆಯೆದುರು ತಡವರಿಸುತ್ತದೆಂಬುದನ್ನೂ ಸಂಶೋಧಕರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಒಂದು ದೇಶದಲ್ಲಿ ಕಲಿತದ್ದು ಇನ್ನೊಂದು ದೇಶದಲ್ಲಿ ನಡೆಯದು. ಒಂದು ಜಾತಿಯಿಂದ ಕಲಿತದ್ದು ಇನ್ನೊಂದಕ್ಕೆ ಸಲ್ಲದು. ಆದುದರಿಂದ ತಾಂಜಾನಿಯದ ಗ್ಯಾಂಬಿಯೆ ಎಂಬ ಸೊಳ್ಳೆಯಿಂದ ಕಲಿತ ಯಂತ್ರವನ್ನು ತಂದು ಸಾಗರದ ಹೊಳೆಯ ಫ್ಲುವಿಯಾಟಿಲಿಸ್ ಮೇಲೆ ಹಿಡಿದರೆ ಅದು ಮೂಕವಾಗುವುದು. ಅದಕ್ಕೆ ಮಾತು ಕಲಿಸಬಲ್ಲವನು, ಆ ಸೊಳ್ಳೆಯ ರೆಕ್ಕೆಯ ಮೂರನೆಯ ನರವನ್ನು ನೋಡಿ ಹೆಸರು ಹೇಳಬಲ್ಲ ಮನುಷ್ಯನು. ಅಂಥ ಮನುಷ್ಯನಿಲ್ಲದ ಪ್ರಯೋಗಶಾಲೆಗೆ ಎಷ್ಟು ಬೆಲೆಯ ಯಂತ್ರ ಬಂದರೂ ಅದು ಗುರುವಿಲ್ಲದ ಮಠ.

ಬಾಗಿಲಿನಲ್ಲಿ ನಿಂತು ಹುಳುವನ್ನು ಬೆಳಕಿಗೆ ಹಿಡಿಯುವ ತಾಯಿಯ ವಿಷಯವನ್ನೇ ನೋಡಿ. ಅವಳಿಗೆ ಅಷ್ಟು ಬೇಗ ತೀರ್ಪು ಹೇಳಲು ಸಾಧ್ಯವಾದದ್ದು ಬೆಳಕಿನಿಂದಲ್ಲ. ಎಷ್ಟೋ ಬೆಳೆಗಳ ಹುಳುಗಳನ್ನು ಮೇಯಿಸಿ, ಕೆಲವನ್ನು ಹಣ್ಣಾಗುವ ಮುಂಚೆ ಚಂದ್ರಿಕೆಗೆ ಬಿಟ್ಟು ಸಣಕಲು ಗೂಡನ್ನು ಕಂಡು, ಕೆಲವನ್ನು ತಡಮಾಡಿ ನೂಲು ತಟ್ಟೆಯಲ್ಲಿಯೇ ಸುರಿದುಹೋದುದನ್ನು ಕಂಡು ಪಡೆದ ತಿಳಿವಳಿಕೆಯಿಂದ. ಬೆಳಕು ಆ ತಿಳಿವಳಿಕೆಗೆ ದಾರಿ ತೋರಿತು, ಅಷ್ಟೆ.

2021ರ ಜುಲೈಯಲ್ಲಿ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಬೆಲ್ಸರ್ ಎಂಬ ಹಳ್ಳಿಯಲ್ಲಿ ಜೀಕಾ ಕಾಣಿಸಿಕೊಂಡಿತು. ಮಹಾರಾಷ್ಟ್ರಕ್ಕೆ ಅದೇ ಮೊದಲು. ಮರುವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಮೊದಲ ಜೀಕಾ ರಾಯಚೂರು ಜಿಲ್ಲೆಯಲ್ಲಿ ಕಂಡುಬಂದಾಗ, ಅದನ್ನು ಖಚಿತಪಡಿಸಲು ರಕ್ತದ ಮಾದರಿ ಬಂದದ್ದು ಪುಣೆಗೆ. 2024ರ ಮಳೆಗಾಲದಲ್ಲಿ ಪುಣೆ ನಗರದ ಬೀದಿಗಳಲ್ಲಿಯೇ ಅದು ಸುಳಿದಾಡಿತು. ಮಂಗನ ಕಾಯಿಲೆಯೂ ಕ್ಯಾಸನೂರನ್ನು ಬಿಟ್ಟು ಹೊರಟು ವರ್ಷಗಳಾದುವು. ಪಶ್ಚಿಮಘಟ್ಟದುದ್ದಕ್ಕೂ ಕೇರಳದ ವಯನಾಡಿಗೂ ಗೋವೆಗೂ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಅದು ಹಬ್ಬಿದೆ. ಈ ಎಲ್ಲ ಊರುಗಳಲ್ಲಿಯೂ ಮೊದಲು ಬೇಕಾಗುವುದು ನಸುಕಿನಲ್ಲಿ ಎದ್ದು ಕೊಟ್ಟಿಗೆಗೂ ಕಾಡಿಗೂ ಹೋಗಿ ಹಿಡಿದು ತರುವ ಕೈ, ಆಮೇಲೆ ಹೆಸರು ಹೇಳುವ ಕಣ್ಣು, ಆಮೇಲೆ ಕಿರಣ.

ವಿಜ್ಞಾನದ ಪ್ರಬಂಧಗಳಲ್ಲಿ ವಿಜ್ಞಾನಿಗಳ ಹೆಸರುಗಳು ಉಳಿದಿವೆ. ಕಾನಿನ ತರಗೆಲೆಯ ಮೇಲೆ ಬಟ್ಟೆಯೆಳೆದವರ ಹೆಸರುಗಳು ಬಹುಪಾಲು ಉಳಿದಿಲ್ಲ. ಸೊರಬ, ಸಾಗರ, ಶಿಕಾರಿಪುರಗಳ ಕಡೆಯ ಓದುಗರಲ್ಲಿ ಪುಣೆಯ ಈ ಕನ್ನಡಿಗನದೊಂದು ಬೇಡಿಕೆಯಿದೆ. 1957ರಿಂದೀಚೆಗೆ ಆ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ, ಅವರ ಬಳಿ ಒಂದು ಸಂಜೆ ಕುಳಿತು, ಯಾವ ಕಾನಿನಲ್ಲಿ ನಡೆದರು, ದಿನಕ್ಕೆ ಎಷ್ಟು ಸೀಸೆ ತುಂಬಿದರು, ಜ್ವರ ಬಂದಾಗ ಮನೆಯವರು ಏನು ಮಾಡಿದರು ಎಂಬುದನ್ನು ಅವರ ಮಾತಿನಲ್ಲಿಯೇ ಕೇಳಿ ಬರೆದಿಡಿ. ಆ ವರ್ಷ ಇಪ್ಪತ್ತು ತುಂಬಿದ್ದವರಿಗೆ ಈಗ ತೊಂಬತ್ತರ ಸಮೀಪ.